ತೊಳೆದ ರೂಪಾಯಿಗೆ ಅಂಕವಿಲ್ಲ

ನಮ್ಮ ಸೋದರತ್ತೆಯ ದೇವರ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿ ರೂಪಾಯಿ ಇತ್ತು. ಒಂದು ಮಗ್ಗುಲಲ್ಲಿ ಕಿರೀಟ ತೊಟ್ಟ ಆರನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಮಗ್ಗುಲಲ್ಲಿ 1939 ಎಂಬ ಇಸವಿ. ಮಾವನವರ ತಂದೆ ಅರಸೀಕೆರೆಯಲ್ಲಿ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಬಂದದ್ದೆಂದು ಮನೆಯವರ ಹೇಳಿಕೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೇವರ ಸಾಮಾನೆಲ್ಲ ಹಿತ್ತಲ ಕಟ್ಟೆಗೆ ಬರುತ್ತಿತ್ತು. ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ. ದೀಪದ ಕಂಬ, ಕುಂಕುಮದ ಬಟ್ಟಲು, ಪಂಚಪಾತ್ರೆಗಳ ಜೊತೆಗೆ ಆ ರೂಪಾಯಿಗೂ ವಿಭೂತಿಯ ಅಭ್ಯಂಜನ. ಹಳೆಯ ಪಂಚೆಯ ತುಂಡಿನಿಂದ ಉಜ್ಜಿ ಉಜ್ಜಿ ಅತ್ತೆ ಅದನ್ನು ಕನ್ನಡಿಯ ಹಾಗೆ ಮಾಡಿಡುತ್ತಿದ್ದರು. ಅವರ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ.

2006ರಲ್ಲಿ ನ್ಯೂಜೆರ್ಸಿಯಿಂದ ರಜೆಗೆ ಬಂದ ಅತ್ತೆಯ ಮಗನ ಕಣ್ಣು ಅದರ ಮೇಲೆ ಬಿತ್ತು. 1939ರ ರೂಪಾಯಿ ಅಪರೂಪದ್ದೆಂದು ಆತ ಎಲ್ಲೋ ಓದಿದ್ದ. ಮಾತು ಸುಳ್ಳೂ ಅಲ್ಲ. ಆ ವರ್ಷ ಮುಂಬಯಿ ಟಂಕಸಾಲೆಯಲ್ಲಿ ಅಚ್ಚಾದ ರೂಪಾಯಿಗಳಲ್ಲಿ ಇಂದು ಕಾಣಸಿಗುವುದು ಬಹಳ ಕಡಿಮೆ. ಮಾರನೆಯ ವರ್ಷದಿಂದ ಸರ್ಕಾರ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಇದ್ದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಹೀಗಾಗಿ ತುಂಬು ಬೆಳ್ಳಿಯ ರೂಪಾಯಿಗಳ ಸಾಲಿನಲ್ಲಿ 1939ರದೇ ಕೊನೆಯದು. ‘ಅಮೆರಿಕದಲ್ಲಿ ನಾಣ್ಯ ನೋಡಿ ಅಂಕ ಕೊಡುವ ಕಂಪನಿಗಳಿವೆ. ಒಂದು ಸರ್ಟಿಫಿಕೇಟು ಸಿಕ್ಕಿದರೆ ಒಳ್ಳೆಯ ಬೆಲೆ ಬರುತ್ತೆ’ ಎಂದ. ಮಾವನವರಿಗೆ ಮನೆಯ ಹೆಂಚು ಬದಲಾಯಿಸುವ ಚಿಂತೆ ಇತ್ತು. ಅತ್ತೆ ಅರೆಮನಸ್ಸಿನಿಂದ ಕೊಟ್ಟರು.

ಮೂರು ತಿಂಗಳ ಮೇಲೆ ಫೋನು ಬಂತು. ‘ರಿಜೆಕ್ಟ್ ಮಾಡಿಬಿಟ್ಟಿದ್ದಾರೆ.’

ಆ ಒಂದು ಮಾತು ಊರಿನಲ್ಲಿ ಏನೆಲ್ಲ ಆಯಿತು ನೋಡಿ. ರಿಜೆಕ್ಟ್ ಎಂದರೆ ಖೋಟಾ ಎಂದೇ ಎಲ್ಲರೂ ತಿಳಿದರು. ಖೋಟಾ ಎಂದಾದ ಮೇಲೆ ಮೋಸ ಮಾಡಿದವರು ಯಾರು ಎಂಬ ಪ್ರಶ್ನೆ ಬಂತು. ಆ ರೂಪಾಯಿ ಮನೆಯಿಂದ ಹೊರಗೆ ಹೋದದ್ದು ಒಮ್ಮೆ ಮಾತ್ರ. ಎಂಟು ಹತ್ತು ವರ್ಷದ ಹಿಂದೆ, ಬೀದಿಯ ಕೊನೆಯ ಆಚಾರ್ರ ಅಂಗಡಿಗೆ. ಅಪ್ಪಟ ಬೆಳ್ಳಿ ಎಂದು ಅವರು ತೂಗಿ ಹೇಳಿದ್ದರು. ಬದಲಾಯಿಸಿದ್ದರೆ ಆಗಲೇ ಬದಲಾಯಿಸಿರಬೇಕು ಎಂದು ಮಾವನವರು ತೀರ್ಮಾನಿಸಿದರು. ನಲವತ್ತು ವರ್ಷದ ಸ್ನೇಹ, ಎರಡು ಮನೆಗಳ ಮದುವೆ ಮುಂಜಿಗಳ ಓಡಾಟ, ಎಲ್ಲ ನಿಂತುಹೋಯಿತು.

ಯಾರದೋ ಕೈಯಲ್ಲಿ ನಾಣ್ಯ ಊರಿಗೆ ಮರಳಿ ಬಂದಾಗ ಜೊತೆಗಿದ್ದ ಇಂಗ್ಲಿಷ್ ಚೀಟಿ ಓದಲು ನನ್ನನ್ನು ಕರೆಸಿದರು. ನಾಣ್ಯದ ಹುಚ್ಚು ನನಗೆ ಇರುವುದು ಬಂಧುಬಳಗಕ್ಕೆಲ್ಲ ಗೊತ್ತು. ಚೀಟಿಯಲ್ಲಿ ಖೋಟಾ ಎಂಬ ಮಾತೇ ಇರಲಿಲ್ಲ. ಅದರಲ್ಲಿ ಇದ್ದದ್ದು ಇಷ್ಟೇ: ತೊಳೆದಿದ್ದಾರೆ.

ಅಂಕ ಹುಟ್ಟಿದ ಕತೆ

ನಾಣ್ಯ ಪರೀಕ್ಷೆ ನಮಗೇನೂ ಹೊಸದಲ್ಲ. ಹಿಂದೆ ಪೇಟೆ ಪೇಟೆಯಲ್ಲೂ ಚಿನಿವಾರ ಇದ್ದ. ಅವನ ಮುಂದಿದ್ದದ್ದು ಎರಡೇ ಪ್ರಶ್ನೆ: ತೂಕ ಸರಿಯಿದೆಯೇ, ಲೋಹ ಅಪ್ಪಟವೇ? ತಕ್ಕಡಿ, ಒರೆಗಲ್ಲು, ಕಲ್ಲಿನ ಮೇಲೆ ಬಡಿದು ಕೇಳುವ ಕಿವಿ ಇವೇ ಅವನ ಯಂತ್ರಗಳು. ನಾಣ್ಯ ಹೊಳೆಯುತ್ತದೋ ಕಪ್ಪಾಗಿದೆಯೋ ಅದು ಅವನಿಗೆ ಬೇಡದ ವಿಷಯ. ಅಮೆರಿಕದ ಪರೀಕ್ಷಕನ ಪ್ರಶ್ನೆ ಬೇರೆ. ಟಂಕಸಾಲೆಯಿಂದ ಹೊರಬಿದ್ದ ಗಳಿಗೆಯಲ್ಲಿ ಈ ನಾಣ್ಯ ಹೇಗಿತ್ತು, ಅದರಲ್ಲಿ ಎಷ್ಟು ಇಂದು ಉಳಿದಿದೆ ಎಂಬುದು ಅವನಿಗೆ ಬೇಕಾದದ್ದು. ಲೋಹದ ಬೆಲೆಯ ಜೊತೆ ಇದಕ್ಕೆ ಸಂಬಂಧವೇ ಇಲ್ಲ. ಒಂದು ಸೆಂಟಿನ ತಾಮ್ರದ ತುಂಡಿಗೂ ಈ ಪ್ರಶ್ನೆ ಕೇಳಬಹುದು, ಕೇಳುತ್ತಾರೆ.

ಈ ಪ್ರಶ್ನೆಗೆ ಅಂಕದಲ್ಲಿ ಉತ್ತರ ಕೊಡುವ ಪದ್ಧತಿ ತಂದವರು ವಿಲಿಯಂ ಶೆಲ್ಡನ್. 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಮೇಲೆ ಬರೆದ ಪುಸ್ತಕದಲ್ಲಿ ಅವರು 1ರಿಂದ 70ರ ವರೆಗಿನ ಅಳತೆಗೋಲು ಮಾಡಿದರು. ಯಾವ ನಾಣ್ಯವೆಂದು ಗುರುತಾದರೂ ಹಿಡಿಯಬಹುದಾದ ಸವಕಲಿಗೆ 1, ಕುಂದೇ ಇಲ್ಲದ್ದಕ್ಕೆ 70. ಒಂದನೇ ಅಂಕದ ಸೆಂಟಿಗೆ ಒಂದು ಡಾಲರಾದರೆ ಎಪ್ಪತ್ತನೇ ಅಂಕದ್ದಕ್ಕೆ ಎಪ್ಪತ್ತು ಡಾಲರು ಎಂಬುದು ಅವರ ಲೆಕ್ಕ. ಈ ಲೆಕ್ಕವನ್ನು ಮಾರುಕಟ್ಟೆ ಬಹಳ ಬೇಗ ಗಾಳಿಗೆ ತೂರಿತು, ಅಂಕ ಮಾತ್ರ ಉಳಿಯಿತು. ಅಂದ ಹಾಗೆ ಈ ಶೆಲ್ಡನ್ ಮಹಾಶಯರ ವೃತ್ತಿ ಮನಶ್ಶಾಸ್ತ್ರ. ಮನುಷ್ಯರ ಮೈಕಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿ, ಮೈಕಟ್ಟಿನ ಹಾಗೆ ಸ್ವಭಾವ ಎಂದು ವಾದಿಸಿದವರೂ ಇವರೇ. ಇನ್ನೊಂದು ಸಂಗತಿ ಬಯಲಾದದ್ದು ಅವರು ತೀರಿಕೊಂಡ ಮೇಲೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ನೂರಕ್ಕೂ ಹೆಚ್ಚು ಒಳ್ಳೆಯ ಸೆಂಟುಗಳನ್ನು ತೆಗೆದುಕೊಂಡು, ಆ ಜಾಗದಲ್ಲಿ ತಮ್ಮ ಬಳಿಯಿದ್ದ ಕೀಳು ದರ್ಜೆಯವನ್ನು ಇಟ್ಟಿದ್ದರು! ನಾಣ್ಯದ ಗುಣ ಅಳೆಯಲು ಜಗತ್ತಿಗೆ ಕೋಲು ಕೊಟ್ಟವರ ಕತೆ ಇದು.

ಇರಲಿ. ಅಳತೆಗೋಲು ಇದ್ದರೂ ಅಳೆಯುವವರು ಯಾರು ಎಂಬ ಜಗಳ ಉಳಿದೇ ಇತ್ತು. ಕೊಳ್ಳುವಾಗ ವ್ಯಾಪಾರಿಯ ಕಣ್ಣಿಗೆ 58 ಆಗಿ ಕಂಡ ನಾಣ್ಯ, ಮಾರುವಾಗ ಅದೇ ಕಣ್ಣಿಗೆ 65 ಆಗಿ ಕಾಣುತ್ತಿತ್ತು. ಅಮೆರಿಕದ ನಾಣ್ಯ ಸಂಗ್ರಾಹಕರ ಸಂಘ 1972ರಲ್ಲಿ ಅಸಲಿ ನಕಲಿ ಹೇಳುವ ವಿಭಾಗ ತೆರೆಯಿತು. ಅನಾಕ್ಸ್ ಎಂದು ಹೆಸರಾದ ಆ ವಿಭಾಗ 1979ರಿಂದ ಅಂಕವನ್ನೂ ಕೊಡತೊಡಗಿತು. 1986ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ವ್ಯಾಪಾರಿಗಳು ಸೇರಿ ಪಿಸಿಜಿಎಸ್ ಎಂಬ ಕಂಪನಿ ಕಟ್ಟಿದರು. ಮರುವರ್ಷ ಎನ್‌ಜಿಸಿ ಬಂತು. ಇಂದು ಈ ವ್ಯವಹಾರದ ದೊಡ್ಡ ಪಾಲು ಇವೆರಡರ ಕೈಯಲ್ಲೇ ಇದೆ. ಅವರು ತಂದ ಹೊಸತನವೆಂದರೆ, ಅಂಕ ಕೊಟ್ಟ ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಡಬ್ಬಿಯಲ್ಲಿ ಬೆಸುಗೆ ಹಾಕಿ ಮುಚ್ಚಿಬಿಡುವುದು. ಇದಕ್ಕೆ ‘ಸ್ಲ್ಯಾಬ್’ ಎಂದು ಹೆಸರು. ತೆರೆಯಬೇಕೆಂದರೆ ಒಡೆಯಲೇಬೇಕು.

ಒಳಗೆ ನಡೆಯುವ ಕೆಲಸ ನಾವು ಊಹಿಸುವಷ್ಟು ಯಂತ್ರಮಯವಲ್ಲ. ಕತ್ತಲಾದ ಕೋಣೆ, ಮೇಜಿನ ಮೇಲೊಂದು ದೀಪ, ಕೈಯಲ್ಲೊಂದು ಸಣ್ಣ ಭೂತಗನ್ನಡಿ. ನಾಣ್ಯದ ಮಾಲೀಕ ಯಾರೆಂದು ಪರೀಕ್ಷಕನಿಗೆ ತಿಳಿಸುವುದಿಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಅತ್ತ ಇತ್ತ ಓಲಿಸಿ, ಕೆಲವೇ ಸೆಕೆಂಡುಗಳಲ್ಲಿ ಆತ ಅಂಕ ಬರೆಯುತ್ತಾನೆ. ಒಬ್ಬರಿಗಿಂತ ಹೆಚ್ಚು ಜನ ಬೇರೆ ಬೇರೆಯಾಗಿ ನೋಡುತ್ತಾರೆ. ಅಭಿಪ್ರಾಯ ಕೂಡದಿದ್ದರೆ ಹಿರಿಯನೊಬ್ಬ ತೀರ್ಪು ಹೇಳುತ್ತಾನೆ.

ಇಷ್ಟೇ ಆಗಿದ್ದರೆ ಯಾವ ನಾಣ್ಯವನ್ನೂ ತಿರಸ್ಕರಿಸಬೇಕಾದ ಕಾರಣವೇ ಇರಲಿಲ್ಲ. ಕೆಟ್ಟದ್ದಕ್ಕೆ ಕಡಿಮೆ ಅಂಕ ಕೊಟ್ಟರಾಯಿತು, ನಮ್ಮ ಶಾಲೆಯ ಮೇಷ್ಟರು ಹಾಗೇ ಮಾಡುತ್ತಿದ್ದರಲ್ಲ! ಆದರೆ ಈ ಕಂಪನಿಗಳು ಅಂಕದ ಜೊತೆಗೆ ಒಂದು ಖಾತರಿಯನ್ನೂ ಮಾರುತ್ತವೆ. ಡಬ್ಬಿಯಲ್ಲಿರುವುದು ಖೋಟಾ ಎಂದು ಮುಂದೆ ತೇಲಿದರೆ, ಅಥವಾ ಕೊಟ್ಟ ಅಂಕ ಹೆಚ್ಚಾಯಿತೆಂದು ಸಾಬೀತಾದರೆ ಕಂಪನಿಯೇ ನಷ್ಟ ತುಂಬಿಕೊಡಬೇಕು. ಈ ಖಾತರಿಯ ಬಲದಿಂದಲೇ ನಾಣ್ಯವನ್ನು ಕಣ್ಣಾರೆ ನೋಡದವನೂ ದೂರದಿಂದ ಹಣ ಕಳಿಸಿ ಕೊಳ್ಳುವುದು. ಆದ್ದರಿಂದ ತಿರಸ್ಕಾರದ ಚೀಟಿಯನ್ನು ಓದುವಾಗ ನೆನಪಿಡಬೇಕಾದದ್ದು ಇದು: ‘ಇದಕ್ಕೆ ನಾವು ಜಾಮೀನು ನಿಲ್ಲುವುದಿಲ್ಲ’ ಎಂದು ಅವರು ಹೇಳುತ್ತಿದ್ದಾರೆ, ಅಷ್ಟೇ. ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಕಾರಣಗಳು ಹಲವು. ಒಂದು ಕಾರಣಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಬರಿಗೈಯಲ್ಲಿ ಬಂದ ನಾಣ್ಯಗಳು

ಮೊದಲ ಇಪ್ಪತ್ತು ವರ್ಷ ತಿರಸ್ಕೃತ ನಾಣ್ಯವನ್ನು ಡಬ್ಬಿಯಿಲ್ಲದೆ, ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಾರಣದ ಚೀಟಿಯೊಂದಿಗೆ ಮಾಲೀಕನಿಗೆ ವಾಪಸು ಕಳಿಸುತ್ತಿದ್ದರು. ಸಂಗ್ರಾಹಕರು ಆ ಚೀಲಕ್ಕೆ ಇಟ್ಟ ಹೆಸರು ‘ಬಾಡಿ ಬ್ಯಾಗ್’, ಎಂದರೆ ಹೆಣ ಸಾಗಿಸುವ ಚೀಲ! ಹೆಸರಿನಲ್ಲೇ ಅವರ ಹೊಟ್ಟೆಯುರಿ ಕಾಣುತ್ತದೆ. 2008ರ ಸುಮಾರಿಗೆ ಪದ್ಧತಿ ಬದಲಾಯಿತು. ಅಸಲಿಯೇ ಆದರೂ ದೋಷವಿರುವ ನಾಣ್ಯವನ್ನು ಈಗ ಡಬ್ಬಿಯಲ್ಲೇ ಹಾಕಿ, ಅಂಕದ ಜಾಗದಲ್ಲಿ ದೋಷದ ಹೆಸರು ಬರೆಯುತ್ತಾರೆ. ಇದನ್ನು ‘ಡೀಟೇಲ್ಸ್’ ಎನ್ನುವುದು ರೂಢಿ. ನಮ್ಮ ಅತ್ತೆಯ ರೂಪಾಯಿ ಎರಡು ವರ್ಷ ತಡವಾಗಿ ಹೋಗಿದ್ದರೆ ಆಚಾರ್ರ ಮಾನ ಉಳಿಯುತ್ತಿತ್ತೇನೋ. ಅಸಲಿ ಎಂಬ ಮಾತು ಡಬ್ಬಿಯ ಮೇಲೆಯೇ ಇರುತ್ತಿತ್ತು.

ಕಾರಣಗಳಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಖೋಟಾತನ. ಅದರಲ್ಲೂ ಪೂರ್ತಿ ಖೋಟಾಗಿಂತ ಅರ್ಧ ಖೋಟಾ ಹೆಚ್ಚು ಅಪಾಯಕಾರಿ. 1909ರಲ್ಲಿ ಲಿಂಕನ್ನರ ತಲೆಯುಳ್ಳ ಹೊಸ ಸೆಂಟು ಬಂದಾಗ ಅದರ ಕಲಾವಿದ ವಿಕ್ಟರ್ ಡೇವಿಡ್ ಬ್ರೆನರ್ ಹಿಂಬದಿಯಲ್ಲಿ ತನ್ನ ಹೆಸರಿನ ಮೂರು ಅಕ್ಷರ ಹಾಕಿದ್ದ. ಅದು ಅತಿಯಾಯಿತೆಂದು ಗದ್ದಲವೆದ್ದು ಕೆಲವೇ ದಿನಗಳಲ್ಲಿ ಅಕ್ಷರಗಳನ್ನು ತೆಗೆಸಿದರು. ಅಷ್ಟರಲ್ಲಿ ಫಿಲಡೆಲ್ಫಿಯಾದಲ್ಲಿ ಸುಮಾರು 2 ಕೋಟಿ 80 ಲಕ್ಷ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೇವಲ 4 ಲಕ್ಷ 84 ಸಾವಿರ ಸೆಂಟುಗಳು ಅಚ್ಚಾಗಿದ್ದವು. ಎರಡಕ್ಕೂ ಇರುವ ವ್ಯತ್ಯಾಸ ಇಸವಿಯ ಕೆಳಗಿನ ‘ಎಸ್’ ಎಂಬ ಒಂದು ಪುಟ್ಟ ಅಕ್ಷರ. ಫಿಲಡೆಲ್ಫಿಯಾದ ಅಗ್ಗದ ಸೆಂಟಿಗೆ ಬೇರೆ ಕಡೆಯಿಂದ ತಂದ ‘ಎಸ್’ ಅಂಟಿಸಿದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ! ಇಲ್ಲಿ ಬಿಲ್ಲೆ ಅಸಲಿ, ತಲೆ ಅಸಲಿ, ಇಸವಿ ಅಸಲಿ. ಸುಳ್ಳು ಇರುವುದು ಸಾಸಿವೆಯಷ್ಟು ಲೋಹದಲ್ಲಿ. ಯುದ್ಧಕ್ಕೆ ತಾಮ್ರ ಬೇಕೆಂದು 1943ರಲ್ಲಿ ಉಕ್ಕಿನ ಸೆಂಟು ಹೊಡೆದಾಗ ಕೈತಪ್ಪಿ ಕೆಲವೇ ಕೆಲವು ತಾಮ್ರದವೂ ಹೊರಬಿದ್ದವು. ಅವಕ್ಕಾಗಿ ಜನ ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಕೊಟ್ಟರು. ಇದನ್ನು ಹಿಡಿಯಲು ಪರೀಕ್ಷಕನೇ ಬೇಕಿಲ್ಲ, ಮಕ್ಕಳ ಆಟದ ಅಯಸ್ಕಾಂತ ಸಾಕು.

ನಮ್ಮ ಕಡೆ ಮನೆಮನೆಯಲ್ಲೂ ಇರುವ ಒಂದು ‘ನಾಣ್ಯ’ದ ಮಾತನ್ನು ಇಲ್ಲೇ ಹೇಳಿಬಿಡಬೇಕು. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ. ಕೋಟಿ ರೂಪಾಯಿ ಬೆಲೆ ಬಾಳುತ್ತದೆಂದು ಯಾರೋ ಹೇಳಿರುತ್ತಾರೆ. ಇಂಥ ನಾಣ್ಯವನ್ನು ಕಂಪನಿ ಸರ್ಕಾರ ಎಂದೂ ಹೊರಡಿಸಿಲ್ಲ. ಭಕ್ತರಿಗೆ ಮಾರಲು ಬಹಳ ಈಚೆಗೆ ಮಾಡಿದ ಬಿಲ್ಲೆಗಳಿವು. ಪೂಜೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಅಂಕ ಕೇಳಬಾರದು. ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ನು, ತೆರಿಗೆ ಕೇಳುವವರ ಬಗ್ಗೆ ಸ್ವತಃ ರಿಸರ್ವ್ ಬ್ಯಾಂಕು 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಇನ್ನು ತೊಳೆಯುವ ವಿಷಯ. ನಮ್ಮ ಮನೆಗಳಲ್ಲಿ ಇದನ್ನು ಅರ್ಥಮಾಡಿಸುವುದು ಬಹಳ ಕಷ್ಟ. ಕೊಳೆ ತೆಗೆದರೆ ತಪ್ಪೇನು? ಹೊಳೆದರೆ ನಷ್ಟವೇನು? ಮಾವನವರೂ ಇದನ್ನೇ ಕೇಳಿದರು.

ಟಂಕಸಾಲೆಯಲ್ಲಿ ಎರಡು ಅಚ್ಚುಗಳ ನಡುವೆ ಬಿಲ್ಲೆ ಸಿಕ್ಕಿ ಟನ್ನುಗಟ್ಟಲೆ ಒತ್ತಡ ಬಿದ್ದಾಗ ಲೋಹ ಒಂದು ಗಳಿಗೆ ಹಿಟ್ಟಿನಂತೆ ಮೆದುವಾಗಿ, ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಗುರುತಾಗಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಉಳಿಯುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓಲಿಸಿದರೆ ಬಂಡಿಚಕ್ರದ ಅರೆಗಳು ತಿರುಗಿದ ಹಾಗೆ ಬೆಳಕು ಸುತ್ತುವುದು ಈ ಗೆರೆಗಳಿಂದಲೇ. ಟಂಕಸಾಲೆ ಕೊಟ್ಟ ಈ ಕಾಂತಿ ಒಮ್ಮೆ ಹೋದರೆ ಹೋಯಿತು. ಯಾವ ಪುಡಿಯೂ, ಯಾವ ಆಚಾರಿಯೂ ಅದನ್ನು ಮರಳಿ ತರಲಾರರು. ವಿಭೂತಿ ನುಣ್ಣಗಿದೆ ಎಂದು ನಮಗನ್ನಿಸುತ್ತದೆ, ಆದರೆ ಬಟ್ಟೆ ಹಿಡಿದು ಉಜ್ಜಿದಾಗ ಆ ಗೆರೆಗಳು ಸವೆದು, ಅವುಗಳ ಜಾಗದಲ್ಲಿ ಕೂದಲೆಳೆಯಂಥ ಸಾವಿರ ಗೀರುಗಳು ಮೂಡುತ್ತವೆ. ಕೈ ಓಡಿದ ದಿಕ್ಕಿನಲ್ಲೇ ಅವು ಓಡುತ್ತವೆ. ದೀಪದ ಕೆಳಗೆ ಪರೀಕ್ಷಕನಿಗೆ ಮೊದಲು ಕಾಣುವುದು ಅವೇ. ಹೊಳಪು ಇರುತ್ತದೆ, ಆದರೆ ಅದು ತಟ್ಟೆಯ ಹೊಳಪು. ಚಕ್ರ ತಿರುಗುವುದಿಲ್ಲ.

ಹಾಗಾದರೆ ಜೇಬಿನಲ್ಲಿ, ಗಲ್ಲಾದಲ್ಲಿ ಹತ್ತಾರು ವರ್ಷ ಓಡಾಡಿದ ನಾಣ್ಯವೂ ಸವೆದಿರುತ್ತದಲ್ಲ? ಅದಕ್ಕೆ ಹೇಗೆ ಅಂಕ? ಪ್ರಶ್ನೆ ಸರಿಯಾದದ್ದೇ. ಕೈಯಿಂದ ಕೈಗೆ ಹೋಗುವ ನಾಣ್ಯ ಎತ್ತರದ ಜಾಗಗಳಲ್ಲಿ ಮೊದಲು ಸವೆಯುತ್ತದೆ: ದೊರೆಯ ಕೆನ್ನೆ, ಕಿರೀಟದ ತುದಿ, ಕಿವಿಯ ಮೇಲಿನ ಕೂದಲು. ತಗ್ಗುಗಳು ಕೊನೆಯ ತನಕ ಉಳಿದು ಅಲ್ಲಿ ಕಪ್ಪು ಕೂರುತ್ತದೆ. ಈ ಸವೆತಕ್ಕೆ ಒಂದು ಕ್ರಮವಿದೆ, ಕ್ರಮವಿದ್ದರೆ ಅಂಕ ಕೊಡಬಹುದು. ಉಜ್ಜುವ ಕೈಗೆ ಕ್ರಮವಿಲ್ಲ. ತಗ್ಗಿಗೂ ಉಬ್ಬಿಗೂ ಒಂದೇ ಶಿಕ್ಷೆ. ಒಂದೇ ಸವಕಲು ರೂಪಾಯಿಯನ್ನು ಒಬ್ಬರು ಹಾಗೇ ಇಟ್ಟರೆ 20 ಅಂಕ ಸಿಕ್ಕೀತು, ಇನ್ನೊಬ್ಬರು ಬೆಳಗಿಟ್ಟರೆ ಅಂಕವೇ ಇಲ್ಲ. ರಾಸಾಯನಿಕ ದ್ರಾವಣದಲ್ಲಿ ಅದ್ದಿ ತೆಗೆಯುವವರೂ ಇದ್ದಾರೆ. ಅದರಲ್ಲಿ ಗೀರು ಬೀಳುವುದಿಲ್ಲ, ಆದರೆ ಕಪ್ಪಿನ ಜೊತೆ ಲೋಹದ ತೆಳ್ಳನೆಯ ಪದರವೂ ಕರಗುತ್ತದೆ. ಒಮ್ಮೆ ಬೇಗ ಅದ್ದಿದರೆ ಪರೀಕ್ಷಕರು ಒಪ್ಪುವುದೂ ಉಂಟು. ಮೇಲೆ ಮೇಲೆ ಅದ್ದಿದರೆ ನಾಣ್ಯ ನಿರ್ಜೀವವಾಗುತ್ತದೆ.

ಕಪ್ಪನ್ನು ತೆಗೆಯುವುದು ಒಂದು ಪಾಪವಾದರೆ, ಬಣ್ಣ ಕೊಡುವುದು ಇನ್ನೊಂದು. ಬೆಳ್ಳಿಗೆ ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಮೇಲೆ ತೆಳುಪೊರೆ ಕಟ್ಟುತ್ತದೆ. ನೀರಿನ ಮೇಲೆ ತೇಲುವ ಎಣ್ಣೆಯಲ್ಲಿ ಬಣ್ಣ ಆಡುವ ಹಾಗೆ ಈ ಪೊರೆಯಲ್ಲೂ ಬಣ್ಣ ಆಡುತ್ತದೆ. ಮೊದಲು ತಿಳಿ ಹೊಂಬಣ್ಣ, ಆಮೇಲೆ ಕೆಂಪು ನೇರಳೆ, ನೀಲಿ, ಕಟ್ಟಕಡೆಗೆ ಕಪ್ಪು. ಬಟ್ಟೆಯ ಚೀಲದಲ್ಲೋ ಕಾಗದದ ಆಲ್ಬಮ್ಮಿನಲ್ಲೋ ದಶಕಗಟ್ಟಲೆ ಕೂತ ಡಾಲರುಗಳಲ್ಲಿ ಕಾಮನಬಿಲ್ಲೇ ಮೂಡಿರುವುದುಂಟು. ಅದಕ್ಕೆ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಕೊಡುತ್ತಾರೆಂದ ಮೇಲೆ ಗಂಧಕ, ಒಲೆಯ ಶಾಖ ಹಿಡಿದು ಒಂದೇ ರಾತ್ರಿಯಲ್ಲಿ ಕಾಮನಬಿಲ್ಲು ಬೇಯಿಸುವವರು ಹುಟ್ಟದೆ ಇರುತ್ತಾರೆಯೇ? ‘ನಾಣ್ಯದ ಡಾಕ್ಟರು’ ಎಂದು ಅವರಿಗೆ ಅಡ್ಡಹೆಸರು. ಬಣ್ಣಗಳ ಸರದಿ ತಪ್ಪಿದ್ದರೆ, ಗೀರಿನ ಮೇಲೆಯೇ ಬಣ್ಣ ಕೂತಿದ್ದರೆ ಪರೀಕ್ಷಕನಿಗೆ ಅನುಮಾನ ಬರುತ್ತದೆ. ಆಗ ಬರೆಯುವ ಕಾರಣ ‘ಬಣ್ಣ ಸಂಶಯಾಸ್ಪದ’. ಮಾತು ಗಮನಿಸಿ: ಬಣ್ಣ ನಕಲಿ ಎಂದು ಅವರು ಹೇಳುವುದಿಲ್ಲ, ನಂಬಿಕೆ ಬರಲಿಲ್ಲ ಎನ್ನುತ್ತಾರೆ. ನಿಜಕ್ಕೂ ಕಾಲವೇ ಕೊಟ್ಟ ಬಣ್ಣಕ್ಕೂ ಈ ಚೀಟಿ ಸಿಕ್ಕಿದ್ದಿದೆ.

ಸುಲಭವಾಗಿ ಪರಿಹಾರವಾಗುವ ಕಾರಣವೂ ಒಂದಿದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಜೇಬುಗಳಲ್ಲಿ ನಾಣ್ಯ ಇಟ್ಟರೆ, ಕಾಲಕ್ರಮದಲ್ಲಿ ಪ್ಲಾಸ್ಟಿಕ್ಕು ಬೆವರಿ ನಾಣ್ಯದ ಮೇಲೆ ಹಸಿರು ಜಿಡ್ಡು ಕೂರುತ್ತದೆ. ಅದು ಲೋಹವನ್ನು ತಿನ್ನುತ್ತಲೇ ಹೋಗುವುದರಿಂದ ಡಬ್ಬಿಯಲ್ಲಿ ಮುಚ್ಚಲು ಕಂಪನಿಗಳು ಒಪ್ಪುವುದಿಲ್ಲ. ಬೇಗ ಕಂಡುಹಿಡಿದರೆ ಶುದ್ಧ ಅಸಿಟೋನಿನಲ್ಲಿ ನೆನೆಸಿ, ಉಜ್ಜದೆ ತೆಗೆದರೆ ಜಿಡ್ಡು ಹೋಗುತ್ತದೆ, ಅದೇ ನಾಣ್ಯಕ್ಕೆ ಮತ್ತೆ ಅಂಕ ಸಿಗಬಹುದು. (ಅಸಿಟೋನು ಬೆಂಕಿಗೆ ಹತ್ತಿರ ಬರಬಾರದ ವಸ್ತು, ಅಡುಗೆಮನೆಯಲ್ಲಿ ಈ ಪ್ರಯೋಗ ಬೇಡ.)

ಕೊಂಡಿ ಬೆಸೆದ ನಾಣ್ಯಗಳದ್ದು ಇನ್ನೊಂದು ಕತೆ. ಲಂಬಾಣಿ ಹೆಣ್ಣುಮಕ್ಕಳ ಒಡವೆಗಳಲ್ಲಿ ರೂಪಾಯಿ, ಎಂಟಾಣೆಗಳನ್ನು ನೀವು ನೋಡಿರಬಹುದು. ಕೊಂಡಿ ಕಿತ್ತು ಅಂಚು ಅರೆದು ನುಣುಪು ಮಾಡಿ ತಂದರೂ ಬೆಸುಗೆಯ ಕಲೆ ಉಳಿಯುತ್ತದೆ. ಶರಾಫರು ಬೆಳ್ಳಿ ಪರೀಕ್ಷೆಗೆಂದು ಹೊಡೆದ ಪುಟ್ಟ ಮುದ್ರೆಗಳು, ಮಕ್ಕಳ ಉಡಿದಾರಕ್ಕೆಂದು ಕೊರೆದ ತೂತು, ಇವೆಲ್ಲ ಅವರ ಪುಸ್ತಕದಲ್ಲಿ ಹಾನಿ. ಆದರೆ ಈ ನಿಯಮವೂ ಕಲ್ಲಿನಲ್ಲಿ ಕೊರೆದದ್ದಲ್ಲ. 1873ರಿಂದ ಅಮೆರಿಕ ಚೀನಾದ ವ್ಯಾಪಾರಕ್ಕಾಗಿಯೇ ‘ಟ್ರೇಡ್ ಡಾಲರ್’ ಎಂಬ ಬೆಳ್ಳಿ ನಾಣ್ಯ ಹೊಡೆಯಿತು. ಚೀನೀ ವರ್ತಕರು ಅದನ್ನು ಪರೀಕ್ಷಿಸಿ ತಮ್ಮ ತಮ್ಮ ಮುದ್ರೆ ಒತ್ತುತ್ತಿದ್ದರು. ಬಹುಕಾಲ ಇವೂ ಹಾನಿಯ ಲೆಕ್ಕಕ್ಕೇ ಸೇರಿದ್ದವು. ಇಂಥ ಮುದ್ರೆಗಳನ್ನೇ ಹುಡುಕಿ ಕೊಳ್ಳುವ ಸಂಗ್ರಾಹಕರು ಹೆಚ್ಚಾದ ಮೇಲೆ ಈಗ ಅವಕ್ಕೆ, ಮುದ್ರೆಯಿದೆ ಎಂದು ನಮೂದಿಸಿ, ಅಂಕವನ್ನೇ ಕೊಡುತ್ತಾರೆ. ಚೀನೀ ವರ್ತಕನ ಮುದ್ರೆ ಚರಿತ್ರೆಯಾದರೆ ನಮ್ಮ ಶರಾಫನ ಮುದ್ರೆ ಏಕೆ ಹಾನಿಯಾಗಬೇಕು? ನನಗೆ ಸಿಕ್ಕ ಉತ್ತರ ಒಂದೇ: ಕೇಳುವ ಕೊಳ್ಳುಗರು ಇನ್ನೂ ಸಾಕಷ್ಟಿಲ್ಲ.

ನಲವತ್ತೊಂದು ವರ್ಷ ಬೀರುವಿನಲ್ಲಿ

ಬಲ್ಲವರು ಒಲ್ಲೆ ಎಂದದ್ದು ಪೂರಾ ತಪ್ಪಾದ ಒಂದು ಪ್ರಸಂಗ ಅಮೆರಿಕದ ನಾಣ್ಯ ಲೋಕದಲ್ಲಿ ಬಹಳ ಪ್ರಸಿದ್ಧ. ಈ ಕಂಪನಿಗಳು ಹುಟ್ಟುವ ಮೊದಲೇ ಅದು ಶುರುವಾದದ್ದು.

ಐದು ಸೆಂಟಿನ ನಾಣ್ಯಕ್ಕೆ ಅಲ್ಲಿ ನಿಕ್ಕಲ್ ಎನ್ನುತ್ತಾರೆ. ಸ್ವಾತಂತ್ರ್ಯದೇವಿಯ ತಲೆಯಿದ್ದ ನಿಕ್ಕಲನ್ನು 1912ಕ್ಕೆ ನಿಲ್ಲಿಸಿ, 1913ರಿಂದ ಕಾಡುಕೋಣದ ಚಿತ್ರದ ಹೊಸ ನಿಕ್ಕಲ್ ತಂದರು. ಆದರೂ 1913ರ ಇಸವಿಯುಳ್ಳ ದೇವಿಯ ತಲೆಯ ನಿಕ್ಕಲ್‌ಗಳು ಐದು ಇವೆ. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಕದ್ದುಮುಚ್ಚಿ ಅಚ್ಚಾದವು. ಹಿಂದೆ ಅಲ್ಲೇ ನೌಕರನಾಗಿದ್ದ ಸ್ಯಾಮ್ಯುಯೆಲ್ ಬ್ರೌನ್ ಎಂಬಾತ 1920ರ ಸುಮಾರಿಗೆ ಅವನ್ನು ಬೆಳಕಿಗೆ ತಂದ. ಅವುಗಳಲ್ಲೊಂದು ಜಾರ್ಜ್ ವಾಲ್ಟನ್ ಎಂಬ ಸಂಗ್ರಾಹಕನ ಕೈ ಸೇರಿತ್ತು. 1962ರ ಮಾರ್ಚ್‌ನಲ್ಲಿ ನಾಣ್ಯ ಪ್ರದರ್ಶನವೊಂದಕ್ಕೆ ಹೊರಟಿದ್ದ ವಾಲ್ಟನ್ ಉತ್ತರ ಕೆರೋಲಿನಾದ ಹೆದ್ದಾರಿಯಲ್ಲಿ ಕಾರು ಅಪಘಾತಕ್ಕೆ ಸಿಕ್ಕು ತೀರಿಕೊಂಡ. ನಿಕ್ಕಲ್ ಅವನ ಜೊತೆಗೇ ಇತ್ತು.

ಅವನ ಸಂಗ್ರಹವನ್ನು ಹರಾಜಿಗೆ ಸಿದ್ಧಪಡಿಸುವಾಗ ತಜ್ಞರು ಆ ನಿಕ್ಕಲನ್ನು ಮಾತ್ರ ಬೇರೆ ತೆಗೆದಿಟ್ಟರು. ಬೇರೆ ವರ್ಷದ ನಾಣ್ಯದ ಇಸವಿ ತಿದ್ದಿ ಮಾಡಿದ ನಕಲು ಎಂಬುದು ಅವರ ಅಭಿಪ್ರಾಯ. ಮನೆಯವರಿಗೆ ವಾಪಸಾದ ನಾಣ್ಯ ವಾಲ್ಟನ್ನನ ತಂಗಿಯ ಬೀರು ಸೇರಿತು. ನಾಲ್ಕು ನಿಕ್ಕಲ್‌ಗಳ ಠಿಕಾಣಿ ಜಗತ್ತಿಗೆ ಗೊತ್ತು, ಐದನೆಯದು ಕಳೆದುಹೋಯಿತು ಎಂದು ಪುಸ್ತಕಗಳು ಬರೆದವು. 2003ರಲ್ಲಿ ಬಾಲ್ಟಿಮೋರ್ ನಗರದ ನಾಣ್ಯ ಸಮ್ಮೇಳನದಲ್ಲಿ ನಾಲ್ಕನ್ನೂ ಒಟ್ಟಿಗೆ ಪ್ರದರ್ಶನಕ್ಕಿಟ್ಟು, ಐದನೆಯದನ್ನು ತಂದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಹರಾಜು ಸಂಸ್ಥೆಯೊಂದು ಸಾರಿತು. ವಾಲ್ಟನ್ನನ ಸೋದರಿಯ ಮಕ್ಕಳು ಬೀರುವಿನಿಂದ ಅದನ್ನು ತೆಗೆದುಕೊಂಡು ಹೋದರು. ಆರು ಮಂದಿ ಪರೀಕ್ಷಕರು ನಡುರಾತ್ರಿ ಕೂತು ಉಳಿದ ನಾಲ್ಕರ ಪಕ್ಕದಲ್ಲಿಟ್ಟು ಗೆರೆ ಗೆರೆ ಹೋಲಿಸಿದರು. ಸಂಶಯವೇ ಇರಲಿಲ್ಲ, ಅಸಲಿ. ಹತ್ತು ವರ್ಷದ ಮೇಲೆ, 2013ರ ಏಪ್ರಿಲ್‌ನಲ್ಲಿ, ಆ ಐದು ಸೆಂಟು 31,72,500 ಡಾಲರಿಗೆ ಹರಾಜಾಯಿತು.

1962ರ ತಜ್ಞರು ದಡ್ಡರಾಗಿರಲಿಲ್ಲ. ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ನಾಣ್ಯ ಅವರ ಮುಂದೆ ಇರಲಿಲ್ಲ. ಈಗಿನ ಕಂಪನಿಗಳು ಕೊಡುವ ಕಾರಣಗಳಲ್ಲಿ ‘ಅಸಲಿಯೋ ನಕಲಿಯೋ ಹೇಳಲಾಗದು’ ಎಂಬುದೂ ಒಂದು. ಓದಿದವರಿಗೆ ಸಿಟ್ಟು ಬರುತ್ತದೆ, ದುಡ್ಡು ತೆಗೆದುಕೊಂಡು ಇದೆಂಥ ಉತ್ತರ ಎಂದು. ಅಂಕ ಸಿಗಲಿ ಬಿಡಲಿ, ಸಾಮಾನ್ಯವಾಗಿ ಶುಲ್ಕವೂ ವಾಪಸು ಬರುವುದಿಲ್ಲ. ಆದರೆ ಗೊತ್ತಿಲ್ಲದ್ದನ್ನು ನಕಲಿ ಎಂದು ಬರೆಯುವುದಕ್ಕಿಂತ ಈ ಉತ್ತರ ಮೇಲು ಎಂದು ನನಗನ್ನಿಸುತ್ತದೆ.

ನಿಮ್ಮ ಮನೆಯಲ್ಲೂ ಹಳೆಯ ನಾಣ್ಯವಿದ್ದು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಮೊದಲು ಇಸವಿ ನೋಡಿ. ನೂರು ವರ್ಷ ತುಂಬಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅದನ್ನು ದೇಶದಿಂದ ಹೊರಗೆ ಸಾಗಿಸುವುದು ಅಪರಾಧ. ವಿಕ್ಟೋರಿಯಾ ರಾಣಿಯ ರೂಪಾಯಿಗಳೆಲ್ಲ ಈ ಲೆಕ್ಕಕ್ಕೆ ಸೇರುತ್ತವೆ. ಅಮೆರಿಕದ ಬಂಧುಗಳ ಸೂಟ್‌ಕೇಸಿನಲ್ಲಿ ಹಾಕಿ ಅವರನ್ನು ಕಷ್ಟಕ್ಕೆ ಸಿಲುಕಿಸಬೇಡಿ.

ಚೀಟಿ ಓದಿದ ದಿನ ಸಂಜೆ ನಾನು ಮಾವನವರನ್ನು ಬಲವಂತವಾಗಿ ಆಚಾರ್ರ ಅಂಗಡಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಕಂಡಕೂಡಲೇ ಆಚಾರ್ರು ಏನೂ ಮಾತಾಡದೆ ಗಾಜಿನ ಪೆಟ್ಟಿಗೆಯ ತಕ್ಕಡಿ ಹೊರಗೆ ತೆಗೆದರು. ರೂಪಾಯಿ ಇಟ್ಟರು, ಬೊಟ್ಟು ಇಟ್ಟರು. ಸರಿಯಾಗಿ ಒಂದು ತೊಲಕ್ಕೆ ಕೂದಲೆಳೆಯಷ್ಟು ಕಡಿಮೆ. ‘ಎಷ್ಟು ವರ್ಷದಿಂದ ಉಜ್ಜಿದ್ದೀರಿ ಸ್ವಾಮಿ, ಅಷ್ಟೂ ಹೋಗದೆ ಇರುತ್ತದೆಯೇ?’ ಎಂದರು. ಮಾವನವರು ತಲೆ ತಗ್ಗಿಸಿ ಚೀಟಿಯನ್ನು ಮಡಿಸಿ ಮಡಿಸಿ ಬಿಚ್ಚುತ್ತಿದ್ದರು. ಆಮೇಲೆ ಕಾಫಿ ಬಂತು.

ಹೆಂಚು ಬದಲಾಯಿಸಲು ಮಾವನವರು ಸೊಸೈಟಿಯಲ್ಲಿ ಸಾಲ ತೆಗೆದರು. ಮುಂದಿನ ಶ್ರಾವಣದಲ್ಲಿ ಅತ್ತೆ ನನಗೆ ಫೋನು ಮಾಡಿಸಿದರು.

‘ಅಲ್ಲಪ್ಪಾ, ಈ ಸಲ ರೂಪಾಯಿ ತೊಳೀಲೋ ಬೇಡವೋ?’

‘ಇನ್ನು ತೊಳೆದರೂ ಹೋಗುವಂಥದ್ದು ಏನೂ ಉಳಿದಿಲ್ಲ ಅತ್ತೆ. ಆದರೂ ಬರೀ ನೀರಲ್ಲಿ ಅದ್ದಿ ಮೆತ್ತನೆ ಬಟ್ಟೆ ಮೇಲೆ ಇಡಿ, ಸಾಕು.’

ಹಬ್ಬದ ದಿನ ಹೋಗಿ ನೋಡಿದರೆ ಕಳಶದ ಮುಂದೆ ರೂಪಾಯಿ ಫಳಫಳ ಹೊಳೆಯುತ್ತಿತ್ತು. ಅತ್ತೆಯ ಬೆರಳ ತುದಿಯಲ್ಲಿ ವಿಭೂತಿ ಇನ್ನೂ ಅಂಟಿತ್ತು. ಆಚಾರ್ರ ಮನೆಯವರು ಆಗಲೇ ಬಂದು ತಾಂಬೂಲ ತೆಗೆದುಕೊಂಡು ಹೋಗಿದ್ದರು.